ಇಳಿಸಿದ ಬಳ್ಳಿ

“ಗುರುಗಳೇ, ನನ್ನ ಮಗನಿಗೆ ಹದಿನಾರು ವರ್ಷ. ಮಾತು ಬಿಟ್ಟಿದ್ದಾನೆ. ಶಾಲೆಯ ಹೆಸರೆತ್ತಿದರೆ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾನೆ. ಮನೋವೈದ್ಯರಿಗೆ ತೋರಿಸಿ ತಿಂಗಳಾಯಿತು. ಇನ್ನೂ ಎಷ್ಟು ದಿನ ಕಾಯಬೇಕು?” ಎಂದು ಶಿಷ್ಯನೊಬ್ಬ ಕೇಳಿದ.

ಗುರು ಹೇಳಿದರು:

ಒಬ್ಬ ರೈತನಿಗೆ ವೀಳ್ಯದೆಲೆಯ ತೋಟವಿತ್ತು. ಒಬ್ಬಳು ಮಗಳಿದ್ದಳು. ಚೆನ್ನಾಗಿ ಓದುತ್ತಿದ್ದವಳು ಒಂದು ದಿನ ಗೋಡೆಗೆ ಮುಖ ಮಾಡಿ ಮಲಗಿದಳು. ಮರುದಿನವೂ ಏಳಲಿಲ್ಲ. ಊಟ ಬೇಡ, ಗೆಳತಿಯರು ಬೇಡ. ‘ನಿನಗೇನು ಕಡಿಮೆ ಮಾಡಿದ್ದೇವೆ?’ ಎಂದು ತಂದೆ ಕೇಳಿದ. ಉತ್ತರ ಅವಳಿಗೂ ಗೊತ್ತಿರಲಿಲ್ಲ. ನೆರೆಯವರು ಸೋಮಾರಿ ಎಂದರು. ಅಜ್ಜಿ ದೃಷ್ಟಿ ತೆಗೆದಳು. ಕೊನೆಗೆ ತಾಯಿ ಅವಳನ್ನು ಪೇಟೆಯ ವೈದ್ಯೆಯ ಬಳಿಗೆ ಕರೆದೊಯ್ದಳು. ವೈದ್ಯೆ ಹುಡುಗಿಯ ಮಾತು ಕೇಳಿದರು. ಗುಳಿಗೆ ಕೊಟ್ಟರು. ‘ಇದು ಕಾಯಿಲೆ. ವಾಸಿಯಾಗುತ್ತದೆ. ವಾರಕ್ಕೊಮ್ಮೆ ಬಂದು ನನ್ನೊಡನೆ ಮಾತಾಡಲಿ. ಅವಸರ ಬೇಡ’ ಎಂದರು.

ರೈತ ಕೆಲವು ವಾರ ಕಾದ. ಆಮೇಲೆ ತಾಳ್ಮೆ ಮುಗಿಯಿತು.

ಅದು ಬಳ್ಳಿ ಇಳಿಸುವ ಕಾಲ. ಎತ್ತರಕ್ಕೆ ಹಬ್ಬಿದ ಎಲೆಬಳ್ಳಿ ಸೋಲುತ್ತದೆ, ಎಲೆ ಸಣ್ಣದಾಗುತ್ತದೆ. ಆಗ ಅದನ್ನು ಮರದಿಂದ ಬಿಡಿಸಿ, ಕೆಳಗಿಳಿಸಿ, ಸುರುಳಿ ಸುತ್ತಿ, ಮಣ್ಣು ಹೊದಿಸುತ್ತಾರೆ. ತುದಿ ಮಾತ್ರ ಮೇಲಿರುತ್ತದೆ. ಹೊಸ ಬೇರು ಬಿಟ್ಟು ಅದು ಮತ್ತೆ ಮರ ಹತ್ತುವವರೆಗೆ ಯಾರೂ ಎಲೆ ಕೊಯ್ಯುವುದಿಲ್ಲ.

ಎಲೆ ವ್ಯಾಪಾರಿ ತೋಟಕ್ಕೆ ಬಂದ. ಹಳೆಯ ಪರಿಚಯದವನು.

‘ನಾಲ್ಕು ಕಟ್ಟು ಎಲೆ ಕೊಡಪ್ಪ.’

‘ಬಳ್ಳಿ ಇಳಿಸಿದ್ದೇನೆ, ಕಣ್ಣು ಕಾಣುವುದಿಲ್ಲವೇ? ಹತ್ತಿದ ಮೇಲೆ ಬಾ.’

‘ಆಗಲಿ. ಮಗಳು ಹೇಗಿದ್ದಾಳೆ?’

‘ಗುಳಿಗೆ ನುಂಗುತ್ತಾಳೆ, ಮಲಗುತ್ತಾಳೆ. ನಾಳೆಯಿಂದ ಅದನ್ನೆಲ್ಲ ನಿಲ್ಲಿಸಿ ಕಾಲೇಜಿಗೆ ಅಟ್ಟುತ್ತೇನೆ.’

‘ಹಾಗಾದರೆ ಈ ಬಳ್ಳಿಯನ್ನೂ ನಾಳೆಯೇ ಕಿತ್ತು ಮರಕ್ಕೆ ಕಟ್ಟು. ನನಗೂ ಎಲೆ ಸಿಗಲಿ.’

ವ್ಯಾಪಾರಿ ಹೊರಟುಹೋದ. ರೈತ ಗುದ್ದಲಿ ಹಿಡಿದು ನಿಂತೇ ಇದ್ದ.

ಆ ವಾರ ಮಗಳನ್ನು ವೈದ್ಯೆಯ ಬಳಿಗೆ ಅವನೇ ಕರೆದುಕೊಂಡು ಹೋದ. ಹೊರಗೆ ಬೆಂಚಿನ ಮೇಲೆ ಕುಳಿತ. ಬರುವಾಗ ಬಸ್ಸಿನಲ್ಲಿ ಏನೂ ಕೇಳಲಿಲ್ಲ. ಊರು ಹತ್ತಿರ ಬಂದಾಗ ಅವಳೇ, ‘ಅಪ್ಪಾ, ಹಸಿವಾಗುತ್ತಿದೆ’ ಎಂದಳು. ಆ ಮಾತು ಅವಳ ಬಾಯಿಂದ ಬಂದು ಬಹಳ ದಿನವಾಗಿತ್ತು. ಇಳಿದು ಇಬ್ಬರೂ ಬೋಂಡಾ ತಿಂದರು.

ಮರುದಿನ ಅವಳು ಮತ್ತೆ ಗೋಡೆಗೆ ತಿರುಗಿದಳು. ಅವನು ಬಯ್ಯಲಿಲ್ಲ. ಮುಂದಿನ ವಾರವೂ ಅವಳ ಜೊತೆ ಹೊರಟ, ಅದರ ಮುಂದಿನ ವಾರವೂ. ಏಳುತ್ತ ಬೀಳುತ್ತ, ಅವಳು ತಾನಾಗಿ ಪುಸ್ತಕದ ಚೀಲ ಹುಡುಕಿದ ಬೆಳಗೂ ಬಂತು.

ಗುರು ಕತೆ ನಿಲ್ಲಿಸಿದರು.

“ಆ ಬೆಳಗು ಬರಲು ಎಷ್ಟು ಕಾಲ ಹಿಡಿಯಿತು, ಗುರುಗಳೇ?” ಎಂದು ಶಿಷ್ಯ ಕೇಳಿದ.

“ನೀನು ಇಲ್ಲಿ ಕುಳಿತು ದಿನ ಎಣಿಸುತ್ತಿದ್ದೀಯೆ, ಅಲ್ಲಿ ನಿನ್ನ ಮಗನ ಪಕ್ಕದಲ್ಲಿ ಯಾರು ಕುಳಿತಿದ್ದಾರೆ?”