ದಳವಾಯಿಯ ಕೊಳದಲ್ಲಿ ಹನ್ನೆರಡು ಎಮ್ಮೆ

ಹೊಂಬಳ್ಳದ ದೊರೆ ಕೆಂಚಭೂಪಾಲನಿಗೆ ತನ್ನ ಮೀಸೆಯ ಮೇಲೆ ಬಲು ಮೋಹ. ಒಂದು ದಿನ ಹಿರಿಕೆರೆಯ ಏರಿಯ ಮೇಲೆ ನಿಂತು, ಮೀಸೆ ನೋಡಿಕೊಳ್ಳೋಣವೆಂದು ಬಗ್ಗಿದ. ಮೀಸೆ ಎಲ್ಲಿಂದ ಕಾಣಬೇಕು! ಬಣ್ಣಗಾರರು ಸುರಿದ ನೀಲಿ, ತೊಗಲು ಹದಮಾಡುವವರು ಬಿಟ್ಟ ಕಂದು, ಅದರ ಮೇಲೆ ಕಂಬಳಿ ಹೊದಿಸಿದ ಹಾಗೆ ಪಾಚಿ. ದೊರೆ ಮೂಗು ಮುಚ್ಚಿಕೊಂಡೇ ಅಪ್ಪಣೆ ಮಾಡಿದ:

"ಮಳೆಗಾಲ ಹಿಡಿಯುವುದರೊಳಗೆ ಈ ನೀರಿನಲ್ಲಿ ನನ್ನ ಮೀಸೆಯ ಒಂದೊಂದು ಕೂದಲೂ ಎಣಿಸುವ ಹಾಗಿರಬೇಕು! ಜಕ್ಕಣ್ಣ, ಇದು ನಿನ್ನ ಹೊಣೆ. ಆಗದಿದ್ದರೆ ಗಂಟುಮೂಟೆ ಕಟ್ಟಿ ಗಡಿ ದಾಟು."

ಜಕ್ಕಣ್ಣ ಆಸ್ಥಾನದ ಜಾಣ. ಆದರೆ ಹುಟ್ಟಿದ್ದು ಕೆರೆಯ ಕೆಳಗಿನ ಕೇರಿಯಲ್ಲಿ. ಅದೇ ನೀರು ಕುಡಿದು ಬೆಳೆದವನು. ಈಗ ಆ ಕೇರಿಯ ಮಕ್ಕಳ ಮೈಯೆಲ್ಲ ಕಜ್ಜಿ. ಗಡಿ ದಾಟುವ ಮಾತಿಗಿಂತ ಅದೇ ಅವನನ್ನು ಹೆಚ್ಚು ಚುಚ್ಚುತ್ತಿತ್ತು.

"ಆಗಲಿ ಪ್ರಭು. ಹಣ?"

"ಸಾವಿರ ವರಹ. ಸಭೆ ಒಪ್ಪಬೇಕು, ಅಷ್ಟೆ."

ಅಷ್ಟೆಯಂತೆ! ಆ 'ಅಷ್ಟೆ'ಯೊಳಗೆ ಎಷ್ಟು ರಾಜ್ಯಗಳು ಮುಳುಗಿಹೋಗಿವೆಯೋ, ಆ ಶಿವನೇ ಬಲ್ಲ.

ಸಭೆ ಎಂದರೆ ಮೂರೇ ಜನ: ದಳವಾಯಿ ಮಲ್ಲರಾಜ, ವರ್ತಕರ ಪೈಕಿ ಪದುಮಶೆಟ್ಟಿ, ನಾಡಿನ ಪರವಾಗಿ ಹೊಂಬೇಗೌಡ. ಮೂವರೂ "ಹ್ಞೂಂ" ಅಂದರೆ ಮಾತ್ರ ಬೊಕ್ಕಸದ ಬಾಗಿಲು ತೆರೆಯುತ್ತಿತ್ತು. ಅದರಿಂದಾಗಿ ಆ ಊರಿನಲ್ಲಿ ಹ್ಞೂಂಗೆ ಬಂಗಾರದ ಬೆಲೆ.

ದಳವಾಯಿ ಮೊದಲು ಕೆಮ್ಮಿದ. "ಕೆರೆ ಅಂದರೆ ನನಗೆ ಪ್ರಾಣ. ಆದರೆ ನನ್ನ ಹಿತ್ತಲಿನ ಸ್ನಾನದ ಕೊಳಕ್ಕೆ ಅಮೃತಶಿಲೆ ಮೆಟ್ಟಿಲು ಬಿದ್ದರೆ ಪ್ರಾಣಕ್ಕೆ ಇನ್ನೂ ಹಿತ."

"ಕೊಳಕ್ಕೂ ಕೆರೆಗೂ ಏನು ಸಂಬಂಧ ದಳವಾಯಿಗಳೇ?" ಅಂದ ಜಕ್ಕಣ್ಣ.

"ಅಕ್ಕತಂಗಿಯರ ಸಂಬಂಧ ಕಣಯ್ಯ! ಕೆರೆಗೆ ಸುರಿಯುವ ಮೋಡವೇ ಅಲ್ಲವೇ ನನ್ನ ಕೊಳಕ್ಕೂ ಸುರಿಯೋದು?"

ಪದುಮಶೆಟ್ಟಿ ಬಿಡುತ್ತಾನೆಯೇ? "ಕೆರೆಯ ಗಾಳಿ ಅಷ್ಟು ದೂರ ನಡೆದು ಬಂದು ಸುಸ್ತಾಗಿ ಕೂರೋದೇ ನಮ್ಮ ಮನೆಯಂಗಳದಲ್ಲಿ. ಪಾಪ, ಅದಕ್ಕೆ ನುಣ್ಣನೆ ಕಲ್ಲು ಹಾಸಬೇಡವೆ?"

ಹೊಂಬೇಗೌಡನಂತೂ ಕಣ್ಣೊರೆಸಿಕೊಂಡ. "ಕೆರೆಯ ಕೊಕ್ಕರೆಗಳೆಲ್ಲ ನಾತ ತಾಳಲಾರದೆ ನನ್ನ ಮಾವಿನ ತೋಪಿಗೆ ಬಂದು ಕೂತಿವೆ. ಕೊಕ್ಕರೆ ಇದ್ದಲ್ಲೇ ಕೆರೆ. ತೋಪಿಗೊಂದು ಗೋಡೆ ಕಟ್ಟಿಸಿದರೆ ಪರಿಸರವೇ ಉಳಿದ ಹಾಗೆ."

ಮಧ್ಯಾಹ್ನದವರೆಗೆ ಹಗ್ಗಜಗ್ಗಾಟ ನಡೆಯಿತು. ಮೆಟ್ಟಿಲು, ಹಾಸುಗಲ್ಲು, ಗೋಡೆ ಎಲ್ಲ ಕಳೆದ ಮೇಲೆ ಕೆರೆಗೆ ಉಳಿದದ್ದು ನಾಲ್ಕು ಬುಟ್ಟಿ, ಎರಡು ಸನಿಕೆ ಕೊಳ್ಳುವಷ್ಟು.

ದೊರೆ ಹುಬ್ಬು ಗಂಟಿಕ್ಕಿದ. "ಕೆರೆಯ ಹಣ ಕೆರೆಯ ಎಲ್ಲೆ ದಾಟಬಾರದು. ನಮ್ಮ ಅಜ್ಜನ ಕಟ್ಟಳೆ."

ಮೂವರ ಮುಖವೂ ಹುಳಿ ಮಜ್ಜಿಗೆ ಕುಡಿದ ಹಾಗಾಯಿತು. ಆಗ ಜಕ್ಕಣ್ಣ ಕೈಜೋಡಿಸಿ ಎದ್ದ.

"ಅದಕ್ಕೇಕೆ ಚಿಂತೆ ಪ್ರಭು? ಕೊಳ, ಅಂಗಳ, ತೋಪು ಮೂರೂ ಹಿರಿಕೆರೆಯ ಎಲ್ಲೆಯೊಳಗೇ ಸೇರಿದವು ಅಂತ ಈ ಮೂವರು ಹಿರಿಯರೇ ಬರೆದುಕೊಡಲಿ. ಹಣ ಎಲ್ಲೂ ಹೋಗದು."

"ಭಲೆ! ಇವನಪ್ಪ ಬುದ್ಧಿವಂತ!" ಅಂದ ದಳವಾಯಿ. ಓಲೆ ಹರಿಯುವಷ್ಟು ಬಲವಾಗಿ ಉಂಗುರದ ಮುದ್ರೆ ಒತ್ತಿದ. ಉಳಿದಿಬ್ಬರೂ ಒತ್ತಿದರು. ದೊರೆ ಮಾತ್ರ ಜಕ್ಕಣ್ಣನನ್ನೇ ದುರುಗುಟ್ಟಿ ನೋಡಿದ. ಇವನಿಗೂ ಪಾಲು ಸಂದಿತೋ ಏನೋ!

ಸಂಜೆ ಜಕ್ಕಣ್ಣ ಊರಲ್ಲೆಲ್ಲ ಡಂಗುರ ಸಾರಿಸಿದ.

ಮಾರನೆಯ ಬೆಳಗ್ಗೆ ದಳವಾಯಿ ಎಣ್ಣೆ ಹಚ್ಚಿಕೊಂಡು ಕೊಳಕ್ಕೆ ಇಳಿದ. ಒಳಗೆ ಆಗಲೇ ಯಾರೋ ಮೀಯುತ್ತಿದ್ದರು. ಒಬ್ಬರಲ್ಲ, ಹನ್ನೆರಡು ಎಮ್ಮೆ! ಒಂದಂತೂ ಅವನ ಸೀಗೆಪುಡಿಯ ಬಟ್ಟಲಿಗೆ ಮೂತಿಯಿಟ್ಟು ಸೀನುತ್ತಿತ್ತು.

"ಯಾರೇ ಅದು? ಹೊಡಿ ಆಚೆಗೆ!"

ದಡದಲ್ಲಿ ಎಲೆಯಡಿಕೆ ಜಗಿಯುತ್ತಿದ್ದ ಎಮ್ಮೆಯ ನಿಂಗಮ್ಮ ಏಳಲೂ ಇಲ್ಲ. "ಯಾಕ್ ಸ್ವಾಮಿ ಹಂಗ್ ಕೂಗ್ತೀರಿ? ಇದು ಕೆರೆ ಅಂತ ನೀವೇ ಬರ್ಕೊಟ್ಟಿದ್ದೀರಂತಲ್ಲ. ಬನ್ನಿ, ಆ ಮೂಲೇಲಿ ಇನ್ನೊಬ್ಬರಿಗೆ ಜಾಗ ಐತೆ."

ಅತ್ತ ಪದುಮಶೆಟ್ಟಿಯ ಅಂಗಳದಲ್ಲಿ ಅಗಸರು ಕೊಡಗಟ್ಟಲೆ ನೀರು ಹೊತ್ತು ತಂದು ಬಟ್ಟೆ ಒಗೆಯುತ್ತಿದ್ದರು. ಊರ ಸೀರೆಗಳೆಲ್ಲ ಅವನ ತೊಟ್ಟಿಮನೆಯ ಕಂಬಗಳಿಗೆ ತೋರಣವಾಗಿದ್ದವು. ಹೊಂಬೇಗೌಡನ ತೋಪಿನಲ್ಲಿ ಬೆಸ್ತರು ಮರದಿಂದ ಮರಕ್ಕೆ ಬಲೆ ಒಣಹಾಕಿ, ನೆರಳಲ್ಲಿ ಕೂತು ಮಾವಿನಹಣ್ಣು ಚೀಪುತ್ತಿದ್ದರು. "ಕೊಕ್ಕರೆಗೆ ಕೊಟ್ಟೋರು ನಮಗೆ ಇಲ್ಲ ಅಂತೀರಾ ಗೌಡ್ರೇ?"

ಮೂವರೂ ಅರಮನೆಗೆ ಓಡಿದರು. ದಳವಾಯಿಯ ಮೈಯಿಂದ ಎಣ್ಣೆ ಇನ್ನೂ ತೊಟ್ಟಿಕ್ಕುತ್ತಿತ್ತು.

"ಪ್ರಭು, ಇವನು ನಮ್ಮ ಮಾನ ಕಳೆದ!"

ಜಕ್ಕಣ್ಣ ನಿಧಾನವಾಗಿ ಅಂದ: "ನಾನೇನು ಮಾಡಿದೆ? ಕೆರೆಯ ತೂಬಿನ ಕಲ್ಲಿನ ಮೇಲೆ ಕೆತ್ತಿರುವುದನ್ನೇ ಸಾರಿಸಿದೆ. 'ಈ ಕೆರೆಯ ಎಲ್ಲೆಯೊಳಗೆ ದನ ಎಮ್ಮೆ ಮೀಯಲಿ, ಅಗಸರು ಒಗೆಯಲಿ, ಬೆಸ್ತರು ಬಲೆ ಹರಡಲಿ. ತಡೆದವನು ಸಾವಿರ ಕವಿಲೆಯ ಕೊಂದ ಪಾಪಕ್ಕೆ ಹೋಗುವನು.' ಇವರು ತಡೆದರೇ ಪ್ರಭು? ಅಯ್ಯೋ, ಸಾವಿರ ಹಸು!"

"ನನ್ನ ಕೊಳ ಕೆರೆಯೇ ಅಲ್ಲ!" ಅಬ್ಬರಿಸಿದ ದಳವಾಯಿ.

"ನಮ್ಮ ಅಂಗಳ ಬರೀ ಅಂಗಳ!"

"ತೋಪು ತೋಪೇ ಬುದ್ಧೀ!"

"ಹಾಗಂತಲೇ ಬರೆದು ಮುದ್ರೆ ಒತ್ತಿ," ಎಂದು ಜಕ್ಕಣ್ಣ ಓಲೆ ಚಾಚಿದ. ನಿನ್ನೆಗಿಂತ ಬೇಗ ಬಿದ್ದವು ಮುದ್ರೆಗಳು. ಸಾವಿರ ವರಹವೂ ಕೆರೆಗೇ ಮರಳಿತು. ಸುಳ್ಳು ಮುದ್ರೆ ಒತ್ತಿದ್ದಕ್ಕೆ ಶಿಕ್ಷೆಯಾಗಿ ಮೊದಲ ದಿನದ ಹೂಳನ್ನು ಮೂವರೂ ತಲೆಯ ಮೇಲೆ ಹೊರಬೇಕಾಯಿತು. ಬುಟ್ಟಿಗಳಂತೂ ಅವರೇ ಮಂಜೂರು ಮಾಡಿದ್ದವಲ್ಲ!

ಬಣ್ಣದ ನೀರು, ತೊಗಲಿನ ನೀರು ಬೇರೆ ಗುಂಡಿ ಸೇರಿತು. ಮೊದಲ ಮಳೆಗೆ ಮುಂಚೆ ದೊರೆ ಏರಿಯ ಮೇಲೆ ನಿಂತು ಬಗ್ಗಿದ. ಮೀಸೆ ಕಂಡಿತು; ಅದರಲ್ಲಿ ಮೂರು ಬಿಳಿ ಕೂದಲೂ ಕಂಡವು. ಆದರೂ ನಕ್ಕ.

"ಕೇಳು ಜಕ್ಕಣ್ಣ, ಏನು ಬೇಕು?"

"ಸಭೆಯಲ್ಲಿ ಇನ್ನೊಂದು ಸ್ಥಾನ ಪ್ರಭು."

"ನಿನಗೋ?"

"ನನಗಲ್ಲ, ನಿಂಗಮ್ಮನ ಎಮ್ಮೆಗೆ. ಕೆರೆ ಯಾವುದು ಅಂತ ಅದಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೊಟ್ಟೆ ತುಂಬಿದ ಮೇಲೆ ಮೇಯುವುದನ್ನೂ ನಿಲ್ಲಿಸುತ್ತದೆ."