ಯಾರಾದರೂ ಒಬ್ಬರು ಹೋಗಬೇಕಿತ್ತು

ಹೊಳೆಯ ದಂಡೆಯ ಮೇಲೆ ಒಂದು ಆಶ್ರಮ. ಆಶ್ರಮವೆಂದರೆ ಎರಡು ಕೋಣೆ, ಒಂದು ಬೇವಿನ ಮರ, ಪಕ್ಕದಲ್ಲಿ ಹೆಂಚು ಹೊದಿಸಿದ ದೇವಾಲಯ. ದೇವಾಲಯದ ಮೇಲೆ ಶಿಲುಬೆ, ಶಿಲುಬೆಯ ಮೇಲೆ ಯಾವಾಗಲೂ ಒಂದು ಕಾಗೆ.

ಅಲ್ಲಿನ ಸಭಾಪಾಲಕರು ಬಾರ್ನಬಯ್ಯನವರು. ವಯಸ್ಸಾಗಿತ್ತು. ಪ್ರಸಂಗಪೀಠದ ಮೆಟ್ಟಿಲು ಹತ್ತಲು ಮೊಣಕಾಲು ಒಪ್ಪುತ್ತಿರಲಿಲ್ಲ.

ಅವರ ಕೈಕೆಳಗೆ ಕಲಿಯಲು ಬಂದವನು ಜಯಶೀಲ. ದೈವಶಾಸ್ತ್ರದ ಕಾಲೇಜಿನಲ್ಲಿ ಪ್ರಸಂಗಕ್ಕೆ ಮೊದಲ ಬಹುಮಾನ ಪಡೆದವನು. ಮಳೆಗಾಲ ಕಳೆದ ಮೇಲೆ ಬಿಷಪ್ಪರು ಬಂದು, ಅವನ ತಲೆಯ ಮೇಲೆ ಕೈಯಿಟ್ಟು ದೀಕ್ಷೆ ಕೊಟ್ಟು, ಈ ಸಭೆಯನ್ನು ಅವನಿಗೆ ಒಪ್ಪಿಸುವವರಿದ್ದರು. ಅದಕ್ಕೆ ಮೊದಲು ಬಾರ್ನಬಯ್ಯನವರು ‘ತಕ್ಕವನು’ ಎಂದು ಒಂದು ಮಾತು ಹೇಳಬೇಕು, ಅಷ್ಟೇ.

ಆ ಒಂದು ಮಾತು ಇನ್ನೂ ಬಂದಿರಲಿಲ್ಲ.

ಒಂದು ಭಾನುವಾರ ಜಯಶೀಲ ಯೇಸು ಹೇಳಿದ ಔತಣದ ಸಾಮ್ಯಕಥೆಯನ್ನು ಕುರಿತು ಪ್ರಸಂಗ ಮಾಡಿದ. ಯಜಮಾನ ಕರೆದರೂ ನೆಪ ಹೇಳಿ ಊಟಕ್ಕೆ ಬಾರದೆ ಹೋದವರ ಕಥೆ ಅದು.

“ಈ ಸಭೆಯಲ್ಲೂ ಅಂಥವರಿದ್ದಾರೆ,” ಎಂದ. “ಕರ್ತನ ಮೇಜು ಸಿದ್ಧವಾಗಿರುತ್ತದೆ. ಎಲ್ಲರೂ ಎದ್ದು ಬಂದು ರೊಟ್ಟಿ ತೆಗೆದುಕೊಳ್ಳುತ್ತಾರೆ. ಕೆಲವರು ಮಾತ್ರ ಕಲ್ಲಿನಂತೆ ಕೂತಿರುತ್ತಾರೆ. ಅದು ಸಂಕೋಚವಲ್ಲ, ತಾತ್ಸಾರ.”

ಹೆಸರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಪ್ರಭುಭೋಜನಕ್ಕೆ ಏಳದೆ ಕೂತಿರುವವಳು ಇಡೀ ಸಭೆಗೆ ಒಬ್ಬಳೇ, ಕೊನೆಯ ಬೆಂಚಿನ ದೋರ್ಕಮ್ಮ. ಎಲ್ಲರ ಕತ್ತೂ ಒಮ್ಮೆಗೇ ಹಿಂದಕ್ಕೆ ತಿರುಗಿತು.

ದೋರ್ಕಮ್ಮ ಸೆರಗು ಸರಿಮಾಡಿಕೊಂಡು ಎದ್ದಳು. ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿ ಮೆಟ್ಟಿದಳು. ಹೊರಟುಹೋದಳು.

ಆರಾಧನೆ ಮುಗಿದ ಮೇಲೆ ಜಯಶೀಲ ಕೇಳಿದ:

“ಅಯ್ಯಾ, ಪ್ರಸಂಗ ಹೇಗಿತ್ತು?”

“ಯಾರೂ ತೂಕಡಿಸಲಿಲ್ಲ.”

ಜಯಶೀಲನಿಗೆ ಹಿಗ್ಗಾಯಿತು.

“ಯಾರಿಗೆ ಹೇಳಿದ್ದು ಅದು?” ಎಂದರು ಬಾರ್ನಬಯ್ಯನವರು.

“ಎಲ್ಲರಿಗೂ, ಅಯ್ಯಾ.”

“ಎಲ್ಲರಿಗೂ ಹೇಳಿದ್ದರೆ ಪ್ರತಿಯೊಬ್ಬರೂ ತಂತಮ್ಮ ಎದೆ ನೋಡಿಕೊಳ್ಳಬೇಕಿತ್ತು. ಹಿಂದಕ್ಕೇಕೆ ನೋಡಿದರು?”

ಜಯಶೀಲನ ಮುಖ ಬಿಗಿಯಿತು. “ಸತ್ಯ ಹೇಳುವುದು ತಪ್ಪೇ?”

“ಆಕೆಯ ಸತ್ಯ ನಿನಗೆ ಗೊತ್ತಿತ್ತೇ?”

“ನೀವು ಹೇಳಿರಲಿಲ್ಲ.”

“ನೀನು ಕೇಳಿರಲಿಲ್ಲ.”

“ಈಗ ಕೇಳುತ್ತಿದ್ದೇನೆ. ಆಕೆ ಯಾಕೆ ಏಳುವುದಿಲ್ಲ?”

“ನನ್ನನ್ನು ಕೇಳಿದರೆ ಏನು ಬಂತು?” ಎಂದು ಬಾರ್ನಬಯ್ಯನವರು ಊರುಗೋಲು ಹುಡುಕಿಕೊಂಡು ಒಳಗೆ ಹೋದರು.

ಆ ಸಭೆಯಲ್ಲಿ ಹಿಂದಿನಿಂದ ಬಂದ ಒಂದು ಪದ್ಧತಿಯಿತ್ತು. ಅಡುಗೆಗೆ ಅಕ್ಕಿ ತೆಗೆಯುವಾಗಲೆಲ್ಲ ಹೆಂಗಸರು ಒಂದು ಹಿಡಿಯನ್ನು ಬೇರೆ ಮಡಕೆಗೆ ಹಾಕಿಡುತ್ತಿದ್ದರು. ಭಾನುವಾರ ಅದನ್ನು ತಂದು ದೇವಾಲಯದ ಬುಟ್ಟಿಗೆ ಸುರಿಯುತ್ತಿದ್ದರು. ಹಿಡಿಯಕ್ಕಿ ಎಂದು ಅದರ ಹೆಸರು. ಪಾಲಕರ ಊಟ ನಡೆಯುತ್ತಿದ್ದುದು ಅದರಲ್ಲೇ.

ಮುಂದಿನ ಭಾನುವಾರ ಕೊನೆಯ ಬೆಂಚು ಖಾಲಿಯಿತ್ತು. ಆದರೆ ದೋರ್ಕಮ್ಮನ ಅಕ್ಕಿಯ ಚೀಲ ಪಕ್ಕದ ಮನೆಯವಳ ಕೈಯಲ್ಲಿ ಬಂತು.

ಬಾರ್ನಬಯ್ಯನವರು ಎಲ್ಲವನ್ನೂ ಕಲಸಿ, ತೊಳೆದು, ಅನ್ನಕ್ಕಿಟ್ಟರು. ಬಡಿಸಿದರು.

“ಅಯ್ಯಾ, ಅನ್ನ ಒಂದೇ ಸಮ ಬೆಂದಿಲ್ಲ. ಕೆಲವು ಅಗಳು ಮುದ್ದೆಯಾಗಿವೆ, ಕೆಲವು ಹಲ್ಲಿಗೆ ಸಿಗುತ್ತಿವೆ.”

“ಎಷ್ಟು ಮನೆಯ ಅಕ್ಕಿ ಅದು! ಒಂದೇ ಉರಿಗೆ ಎಲ್ಲವೂ ಬೇಯುತ್ತದೆಯೇ?”

ಜಯಶೀಲ ಒಂದು ತುತ್ತು ಕಲಸಿ ನಿಲ್ಲಿಸಿದ. “ಇದರಲ್ಲಿ ದೋರ್ಕಮ್ಮನದೂ ಇದೆಯೇ?”

“ಇದೆ. ಬೇಡವಾದರೆ ಆರಿಸಿ ಪಕ್ಕಕ್ಕಿಡು.”

“ಇದರಲ್ಲಿ ಹೇಗೆ ಆರಿಸಲಿ?”

“ಪೀಠದ ಅಷ್ಟು ಎತ್ತರದಿಂದ ಆಕೆಯನ್ನು ಆರಿಸಿದವನು ನೀನು. ತಟ್ಟೆಯಲ್ಲಿ ಕಾಣುವುದಿಲ್ಲವೇ?”

ಜಯಶೀಲ ತಲೆ ತಗ್ಗಿಸಿ ಉಂಡ.

ಮಾರನೆಯ ದಿನ ಸತ್ಯವೇದವನ್ನು ಕಂಕುಳಲ್ಲಿಟ್ಟುಕೊಂಡು ದೋರ್ಕಮ್ಮನ ಮನೆಗೆ ಹೋದ. ಅವಳು ಎಮ್ಮೆ ಕರೆಯುತ್ತಿದ್ದಳು.

“ಅಮ್ಮಾ, ನನ್ನ ಮಾತಿನ ಅರ್ಥ ಬೇರೆಯಿತ್ತು. ಆ ಪದಕ್ಕೆ ಮೂಲ ಗ್ರೀಕಿನಲ್ಲಿ...”

“ಮೆಲ್ಲಗೆ ತಮ್ಮಾ. ಎಮ್ಮೆ ಬೆದರುತ್ತದೆ.”

“ಐದು ನಿಮಿಷ ಕೇಳಿದರೆ ಸಾಕು, ವಿವರಿಸುತ್ತೇನೆ.”

“ಅವತ್ತು ಅಷ್ಟು ಹೊತ್ತು ಕೇಳಿದೆನಲ್ಲ. ಇನ್ನೂ ಮುಗಿದಿಲ್ಲವೇ ಅದು?”

ಜಯಶೀಲ ಸತ್ಯವೇದ ತೆರೆದ. ಹಾಳೆಯ ಸದ್ದಿಗೋ ಏನೋ ಎಮ್ಮೆ ಒದೆಯಿತು. ಹಾಲೆಲ್ಲ ಚೆಲ್ಲಿತು. ದೋರ್ಕಮ್ಮ ಚೆಲ್ಲಿದ ಹಾಲನ್ನೂ ಅವನನ್ನೂ ಒಂದೇ ರೀತಿ ನೋಡಿದಳು.

ಆಶ್ರಮಕ್ಕೆ ಬಂದವನೇ ಬಾಗಿಲು ದಬ್ಬಿದ. ಬಾರ್ನಬಯ್ಯನವರು ತಮ್ಮ ನಿಲುವಂಗಿಗೆ ಗುಂಡಿ ಹೊಲಿಯುತ್ತ ಕೂತಿದ್ದರು.

“ಅಯ್ಯಾ, ನನಗೆ ದೀಕ್ಷೆ ಬೇಡ.”

“ಹೂಂ.”

“ಸಿಟ್ಟಿನಿಂದ ಹೇಳುತ್ತಿಲ್ಲ.”

“ಸಿಟ್ಟಿಲ್ಲದವರು ಬಾಗಿಲನ್ನು ಮೆಲ್ಲಗೆ ತೆಗೆಯುತ್ತಾರೆ.”

ಜಯಶೀಲ ಎದುರಿಗೆ ಕೂತ. ಅವನ ಧ್ವನಿ ಇಳಿಯಿತು.

“ವಿಶ್ವಾಸಿಗಳೆಲ್ಲರೂ ಯಾಜಕರೇ ಎಂದು ನಾವೇ ಬೋಧಿಸುತ್ತೇವೆ. ದೇವರ ಆತ್ಮ ಎಲ್ಲರಿಗೂ ದೊರೆತಿರುವಾಗ, ಒಬ್ಬನನ್ನು ಎಳೆತಂದು ಮೇಲೆ ನಿಲ್ಲಿಸುವುದೇಕೆ? ಪ್ರೇರಣೆಯಾದವರು ಮಾತಾಡಲಿ. ಪ್ರೀತಿಯಿದ್ದವರು ಸೇವೆ ಮಾಡಲಿ. ನೇಮಕ ಯಾಕೆ ಬೇಕು?”

“ಎಲ್ಲರೂ ಯಾಜಕರೇ, ಅದರಲ್ಲಿ ಸುಳ್ಳಿಲ್ಲ,” ಎಂದರು ಬಾರ್ನಬಯ್ಯನವರು ದಾರ ಕಚ್ಚಿ ಹರಿಯುತ್ತ. “ಬರುವ ಭಾನುವಾರ ಹಾಗೆಯೇ ನಡೆಸೋಣ. ನಾನು ಪಾಲಕನಲ್ಲ, ನೀನು ಶಿಷ್ಯನಲ್ಲ. ಇಬ್ಬರೂ ಬೆಂಚಿನ ಮೇಲೆ ಕೂರೋಣ.”

ಆ ಭಾನುವಾರ ಪ್ರಸಂಗಪೀಠ ಖಾಲಿಯಿತ್ತು.

ಮೊದಲು ಹಿರಿಯ ಯೋನಾತಾನಪ್ಪ ಎದ್ದು ದೇವರ ಮಹಿಮೆಯಿಂದ ಆರಂಭಿಸಿ ದೇವಾಲಯದ ಸುಣ್ಣಕ್ಕೆ ಬಂದು ನಿಂತ. ಇನ್ನೊಬ್ಬ ಹಿರಿಯ ಎದ್ದು, ಸುಣ್ಣದ ವಿಷಯದಲ್ಲಿ ತನಗೆ ಬೇರೆಯೇ ಪ್ರೇರಣೆಯಾಗಿದೆ ಎಂದ. ನಡುವೆ ಒಬ್ಬ ಹುಡುಗಿ ಎದ್ದು ಒಂದು ಕೀರ್ತನೆ ಓದಿದಳು. ಅದು ಚೆನ್ನಾಗಿತ್ತು, ಎಲ್ಲರೂ ಮೌನವಾಗಿ ಕೇಳಿದರು.

ಕೊನೆಗೆ ಯೋನಾತಾನಪ್ಪ ಮತ್ತೆ ಎದ್ದ. “ದೋರ್ಕಮ್ಮನಿಗೆ ಜೋರು ಜ್ವರವಂತೆ. ಎದ್ದು ನೀರು ಕುಡಿಯುವ ಶಕ್ತಿಯೂ ಇಲ್ಲವಂತೆ.”

“ಅಯ್ಯೋ ಪಾಪ,” ಎಂದಿತು ಸಭೆ. ಎಲ್ಲರೂ ಸೇರಿ ಪ್ರಾರ್ಥಿಸಿದರು. ಕೆಲವರು ಕಣ್ಣೊರೆಸಿಕೊಂಡರು. ಮನೆಗೆ ಹೋದರು.

ಸಂಜೆ ಜಯಶೀಲನಿಗೆ ಯೋನಾತಾನಪ್ಪ ದಾರಿಯಲ್ಲಿ ಸಿಕ್ಕಿದ.

“ದೋರ್ಕಮ್ಮ ಹೇಗಿದ್ದಾರೆ?”

“ನನಗೇನು ಗೊತ್ತು? ಹೆಂಗಸರು ಯಾರಾದರೂ ಹೋಗಿರುತ್ತಾರೆ.”

ಹೆಂಗಸರು ನೀರಿನ ಕೊಡ ಹೊತ್ತು ಬರುತ್ತಿದ್ದರು. “ಪಕ್ಕದ ಮನೆಯವಳೇ ಇದ್ದಾಳಲ್ಲ, ನೋಡಿಕೊಂಡಿರುತ್ತಾಳೆ,” ಎಂದರು.

ಪಕ್ಕದ ಮನೆಯವಳು ಹೊಸಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದಳು. “ನಾನೋ? ಅಯ್ಯನವರು ಹೋಗಿರುತ್ತಾರೆ ಅಂದುಕೊಂಡೆ. ಯಾವಾಗಲೂ ಅವರೇ ಹೋಗುವುದಲ್ಲವೇ?”

ಜಯಶೀಲ ಬಿರಬಿರನೆ ಆಶ್ರಮಕ್ಕೆ ಬಂದ. ಬಾರ್ನಬಯ್ಯನವರು ಬೇವಿನ ಮರದ ಕೆಳಗೆ ಹಾಯಾಗಿ ಕೂತಿದ್ದರು.

“ಅಯ್ಯಾ, ಸಭೆಯಲ್ಲಿ ಒಬ್ಬರೂ ದೋರ್ಕಮ್ಮನ ಮನೆಗೆ ಹೋಗಿಲ್ಲ!”

“ನೀನು?”

ಜಯಶೀಲ ತಡವರಿಸಿದ. “ನಾನು... ನೀವು ಹೋಗುತ್ತೀರಿ ಎಂದುಕೊಂಡೆ.”

“ಈ ದಿನ ನಾನೂ ಬೆಂಚಿನವನೇ ಅಲ್ಲವೇ?”

“ಅಯ್ಯಾ, ಇದು ಆಟವಲ್ಲ! ಯಾರಾದರೂ ಒಬ್ಬರು ಹೋಗಬೇಕಿತ್ತು!”

“ಹೌದು,” ಎಂದರು ಬಾರ್ನಬಯ್ಯನವರು. “ಆ ‘ಯಾರಾದರೂ ಒಬ್ಬರು’ ಎನ್ನುವ ಜಾಗ ಖಾಲಿಯಿದೆ. ಬಿಷಪ್ಪರು ಅದಕ್ಕಾಗಿಯೇ ಅಷ್ಟು ದೂರದಿಂದ ಬರುತ್ತಿರುವುದು.”

ಜಯಶೀಲ ಒಳಗೆ ಹೋಗಿ ಸತ್ಯವೇದ ಕೈಗೆತ್ತಿಕೊಂಡ. ಮತ್ತೆ ಮೇಜಿನ ಮೇಲಿಟ್ಟ. ಒಂದು ಬಟ್ಟೆಯಲ್ಲಿ ಅಕ್ಕಿ ಕಟ್ಟಿಕೊಂಡು ಹೊರಟ.

ದೋರ್ಕಮ್ಮ ಚಾಪೆಯ ಮೇಲೆ ಮಲಗಿದ್ದಳು. ಅವನು ಏನೂ ಮಾತಾಡದೆ ಎಮ್ಮೆಗೆ ಹುಲ್ಲು ಹಾಕಿದ. ನೀರು ತಂದಿಟ್ಟ. ಒಲೆ ಹಚ್ಚಲು ಹೋದಾಗ ಪಕ್ಕದಲ್ಲಿ ಗಂಜಿಯ ಪಾತ್ರೆ ಕಾಣಿಸಿತು.

“ಗಂಜಿ ಯಾರು ಮಾಡಿದರು, ಅಮ್ಮಾ?”

“ಬೆಳಿಗ್ಗೆ ಬೆಳಕು ಹರಿಯುವ ಮುಂಚೆ ಅಯ್ಯನವರು ಬಂದಿದ್ದರು. ನಾನು ಬಂದದ್ದು ಯಾರಿಗೂ ಹೇಳಬೇಡ ಅಂದರು.” ಅವಳು ನಾಲಿಗೆ ಕಚ್ಚಿಕೊಂಡಳು. “ಹೇಳಿಬಿಟ್ಟೆನಲ್ಲ!”

ಜಯಶೀಲ ಗಂಜಿ ಬಿಸಿಮಾಡಿ ಕೊಟ್ಟ. ಅವಳು ಕುಡಿದು ಮುಗಿಸುವವರೆಗೂ ಪಕ್ಕದಲ್ಲಿ ಕೂತ.

“ತಪ್ಪಾಯಿತು, ಅಮ್ಮಾ.”

“ಹೂಂ. ಮುಂದೆ?”

“ಮುಂದೆ ಏನೂ ಇಲ್ಲ.”

“ಗ್ರೀಕಿನಲ್ಲಿ?”

“ಗ್ರೀಕಿನಲ್ಲೂ ಏನೂ ಇಲ್ಲ.”

ದೋರ್ಕಮ್ಮ ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಅವಳಾಗಿಯೇ ಹೇಳಿದಳು:

“ಮೊದಲ ಬೆಂಚಿನಲ್ಲಿ ಮಾರ್ಕಪ್ಪ ಕೂರುತ್ತಾನಲ್ಲ, ಹರಿಗೋಲಿನವನು. ಹೊಳೆ ತುಂಬಿ ಬಂದ ದಿನ, ಬೇಡವೋ ಅಂದರೂ ಕೇಳದೆ ಹರಿಗೋಲು ಬಿಟ್ಟ. ನನ್ನ ಮಗಳು ಅದರಲ್ಲಿದ್ದಳು. ಅವನು ಈಜಿ ಬಂದ.”

ಜಯಶೀಲ ಅವಳು ಕುಡಿದಿಟ್ಟ ಲೋಟವನ್ನು ಪಕ್ಕಕ್ಕೆ ಸರಿಸಿದ.

“ಆಮೇಲೆ ನನ್ನ ಕಾಲು ಹಿಡಿದು ಅತ್ತ. ಸಭೆಯವರೆಲ್ಲ ಅವನನ್ನು ಕ್ಷಮಿಸಿದರು. ಹೋದವಳು ಅವರ ಮಗಳಲ್ಲವಲ್ಲ.”

“ಅಮ್ಮಾ...”

“ಆ ರೊಟ್ಟಿ ತೆಗೆದುಕೊಂಡರೆ ಎಲ್ಲರನ್ನೂ ಕ್ಷಮಿಸಿದ್ದೇನೆ ಅಂದಂತೆ. ಎದೆಯಲ್ಲಿ ಅವನ ಮೇಲೆ ಬೆಂಕಿ ಇಟ್ಟುಕೊಂಡು ಆ ರೊಟ್ಟಿಗೆ ಕೈ ಚಾಚಿದರೆ ಸುಳ್ಳಾಗುತ್ತದೆ. ದೇವರ ಮುಂದೆ ಸುಳ್ಳು ಹೇಳುವ ಧೈರ್ಯ ನನಗಿಲ್ಲ. ಅದಕ್ಕೇ ಕೂತಿರುತ್ತೇನೆ. ನೀನು ತಾತ್ಸಾರ ಅಂದೆ.”

ಕ್ಷಮೆಯನ್ನು ಕುರಿತ ವಾಕ್ಯವೊಂದು ಜಯಶೀಲನ ಬಾಯಿಗೆ ಬಂತು. ಅದರ ಹಿಂದೆ ಇನ್ನೊಂದು ಬಂತು. ಎರಡನ್ನೂ ನುಂಗಿಕೊಂಡ.

“ಇದನ್ನು ಪ್ರಸಂಗಕ್ಕೆ ಎಳೆದು ತರಬೇಡ ತಮ್ಮಾ.”

“ತರುವುದಿಲ್ಲ.”

“ಅಯ್ಯನವರಿಗೆ ಮಗಳು ಹೋದ ವರ್ಷವೇ ಹೇಳಿದ್ದೆ. ಇಂದಿನವರೆಗೂ ಅವರ ಬಾಯಿಂದ ಹೊರಬಿದ್ದಿಲ್ಲ.”

ಆಶ್ರಮಕ್ಕೆ ಮರಳಿದಾಗ ಬಾರ್ನಬಯ್ಯನವರು ಹಾಗೆಯೇ ಮರದ ಕೆಳಗಿದ್ದರು.

“ಜ್ವರ?”

“ಇಳಿಯುತ್ತಿದೆ. ಬೆಳಿಗ್ಗೆಯೇ ಯಾರೋ ಬಂದು ಗಂಜಿ ಮಾಡಿಕೊಟ್ಟಿದ್ದಾರೆ.”

“ಹೌದೇ? ಒಳ್ಳೆಯದಾಯಿತು.”

ಜಯಶೀಲ ಅವರ ಕಾಲ ಬಳಿ ಕೂತ. “ಅಯ್ಯಾ, ಆಕೆ ಮೇಜಿನ ಬಳಿ ಯಾಕೆ ಬರುವುದಿಲ್ಲ ಎಂದು ನಿಮಗೆ...”

“ಯಾಕಂತೆ?” ಎಂದರು ಬಾರ್ನಬಯ್ಯನವರು. ಏನೊಂದೂ ಅರಿಯದ ಮಗುವಿನ ಮುಖ.

ಜಯಶೀಲ ಆ ಮುಖವನ್ನು ನೋಡಿದ.

“ಏನಿಲ್ಲ, ಅಯ್ಯಾ,” ಎಂದ.

ಮರುದಿನವೇ ಬಾರ್ನಬಯ್ಯನವರು ಬಿಷಪ್ಪರಿಗೆ ಹೇಳಿ ಕಳುಹಿಸಿದರು: “ತಕ್ಕವನು.”

ಮಳೆಗಾಲ ಕಳೆಯಿತು. ಬಿಷಪ್ಪರು ಬಂದರು. ಮಂಡಿಯೂರಿದ ಜಯಶೀಲನ ತಲೆಯ ಮೇಲೆ ಕೈಯಿಟ್ಟರು. ಆ ಕೈ ಇಷ್ಟು ಭಾರವಿರುತ್ತದೆ ಎಂದು ಅವನು ಎಣಿಸಿರಲಿಲ್ಲ.

ಅದರ ಮುಂದಿನ ಭಾನುವಾರ ಅವನು ಮೊದಲ ಸಲ ಪ್ರಭುಭೋಜನ ನಡೆಸಬೇಕು. ದೇವಾಲಯದ ಪಕ್ಕದ ಕೋಣೆಯಲ್ಲಿ ನಿಂತು ರೊಟ್ಟಿ ಕತ್ತರಿಸುತ್ತಿದ್ದ. ಬಾಗಿಲ ಸಂದಿಯಿಂದ ಸಭೆ ಕಾಣುತ್ತಿತ್ತು. ಮೊದಲ ಬೆಂಚಿನಲ್ಲಿ ಮಾರ್ಕಪ್ಪ ತಲೆ ತಗ್ಗಿಸಿ ಕೂತಿದ್ದ. ಕೊನೆಯ ಬೆಂಚಿನಲ್ಲಿ ದೋರ್ಕಮ್ಮ.

ಬಾರ್ನಬಯ್ಯನವರು ಕೋಣೆಗೆ ಬಂದು ತಟ್ಟೆಯೊಳಗೆ ಇಣುಕಿದರು.

“ಎಲ್ಲರಿಗೂ ಆಯಿತೇ?”

“ಆಯಿತು, ಅಯ್ಯಾ.”

“ದೋರ್ಕಮ್ಮನಿಗೆ?”

ಜಯಶೀಲನ ಕೈ ನಿಂತಿತು. “ಅವರು ಆರಾಧನೆಗೆ ಬಂದಿದ್ದಾರೆ. ಆದರೆ ಮೇಜಿನ ಬಳಿ ಬರುವುದಿಲ್ಲ ಎಂದಿದ್ದಾರೆ. ಇವತ್ತು ಇಲ್ಲ. ಮುಂದೆಯೂ ಯಾವಾಗಲೋ ಅವರಿಗೇ ಗೊತ್ತಿಲ್ಲ. ಕತ್ತರಿಸಿಟ್ಟರೆ ಹಾಗೇ ಉಳಿದುಬಿಡುತ್ತದೆ.”

ಬಾರ್ನಬಯ್ಯನವರು ಉಳಿದ ರೊಟ್ಟಿಯನ್ನು ಅವನ ಮುಂದಕ್ಕೆ ಸರಿಸಿದರು.

“ಆಕೆಯದನ್ನು ಸ್ವಲ್ಪ ದೊಡ್ಡದಾಗಿಯೇ ಕತ್ತರಿಸು. ಪಾಪ, ಎಲ್ಲರಿಗಿಂತ ದೂರದಿಂದ ಬರಬೇಕು.”