ಬಣ್ಣ ನೋಡಿ ಕಟ್ಟಿದ ಜೋಡಿ

ರಿಪೇರಿ ಮೇಜಿನ ಮೇಲೆ ಹೊಸ ಡ್ರೈವರ್ ಬೋರ್ಡಿಗೆ ಅಂದು ಮೊದಲ ಕೆಲಸ. ಹಳೆಯ ಪ್ರಿಂಟರಿನಿಂದ ಬಿಚ್ಚಿದ, ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟಾರನ್ನು ಅದು ಓಡಿಸಬೇಕಿತ್ತು. ಮೋಟಾರಿನ ಮೇಲೆ ಹೆಸರಿನ ಚೀಟಿ ಇರಲಿಲ್ಲ. ಕೆಂಪು, ಕಪ್ಪು, ಹಳದಿ, ಬಿಳಿ ಎಂದು ನಾಲ್ಕು ತಂತಿಗಳಷ್ಟೇ ಇದ್ದವು.

"ಕೆಂಪಿಗೆ ಕಪ್ಪೇ ಜೋಡಿ, ಇದನ್ನೂ ಕೇಳಬೇಕೇ?" ಎಂದು ಬೋರ್ಡು ಬೀಗುತ್ತ ತಂತಿಗಳನ್ನು ಕಟ್ಟಿಕೊಂಡಿತು. ಕರೆಂಟು ಹರಿಯಿತು. ಮೋಟಾರು ಗುರ್ರೆಂದು ನಡುಗಿತೇ ಹೊರತು ಒಂದು ಹೆಜ್ಜೆಯೂ ಇಡಲಿಲ್ಲ.

"ಇದು ಸತ್ತ ಮೋಟಾರು. ಗುಜರಿ ಬುಟ್ಟಿಗೆ ಹಾಕುತ್ತೇನೆ," ಎಂದಿತು ಮುದಿ ಇಕ್ಕಳ.

ಬೋರ್ಡು ತಾನು ಕಟ್ಟಿದ ತಂತಿಗಳನ್ನು ಮತ್ತೊಮ್ಮೆ ನೋಡಿತು. ತಪ್ಪು ತನ್ನದೇ ಆಗಿದ್ದರೆ? "ಸ್ವಲ್ಪ ತಾಳಿ," ಎಂದು ಮೋಟಾರಿನತ್ತ ತಿರುಗಿತು. "ಅಜ್ಜಾ, ನಿಮ್ಮ ತಂತಿಗಳಲ್ಲಿ ಯಾವುದಕ್ಕೆ ಯಾವುದು ಜೋಡಿ?"

ಮೋಟಾರು ಗತ್ತಿನಿಂದಲೇ ಹೇಳಿತು: "ಬಣ್ಣ ನೋಡಿ ಸಂಬಂಧ ಕುದುರಿಸಿದರೆ ನಾನು ಹೆಜ್ಜೆ ಇಡುವವನಲ್ಲ. ಎಲ್ಲವನ್ನೂ ಬಿಚ್ಚು. ಎರಡೆರಡು ತಂತಿಗಳ ತುದಿ ಮುಟ್ಟಿಸಿ ನನ್ನ ಶಾಫ್ಟನ್ನು, ಈ ತಿರುಗುವ ನಡುಗಡ್ಡಿಯನ್ನು, ತಿರುಗಿಸಿ ನೋಡು. ನನ್ನೊಳಗೆ ಎರಡು ತಂತಿ ಸುರುಳಿಗಳಿವೆ; ಒಂದೇ ಸುರುಳಿಯ ಎರಡು ತುದಿ ಕೂಡಿದಾಗ ಬಿಗಿಯಾಗುತ್ತೇನೆ. ಅದೇ ಜೋಡಿ."

ಇಕ್ಕಳ ಗೊಣಗುತ್ತಲೇ ಶಾಫ್ಟು ಹಿಡಿಯಿತು. ಕೆಂಪಿಗೆ ಕಪ್ಪು ಮುಟ್ಟಿಸಿದಾಗ ಅದು ಸಲೀಸಾಗಿ ತಿರುಗಿತು. ಕೆಂಪಿಗೆ ಹಳದಿ ಮುಟ್ಟಿಸಿದಾಗ ಬಿಗಿಯಾಯಿತು. ಉಳಿದೆರಡು ತಾವಾಗಿಯೇ ಜೋಡಿಯಾದವು. ಈ ಸಲ ಮೋಟಾರು ಟಕ್ ಟಕ್ ಎಂದು ಹೆಜ್ಜೆಯಿಡುತ್ತ ಸುತ್ತು ಹಾಕಿತು.

ಸಂಜೆಗೆ ಇನ್ನೊಂದು ಮೋಟಾರು ಬಂತು. "ಕೆಂಪಿಗೆ ಹಳದಿ ಜೋಡಿ. ಕಟ್ಟಿಬಿಡು, ನೀನೀಗ ಬಲ್ಲವನು," ಎಂದಿತು ಇಕ್ಕಳ.

ಬೋರ್ಡು ಎದೆಯುಬ್ಬಿಸಿ ನಿಂತಿತು. "ಬಲ್ಲೆ, ಅದಕ್ಕೇ ಹೇಳುತ್ತಿದ್ದೇನೆ. ನೀವು ಶಾಫ್ಟು ಹಿಡಿಯಿರಿ. ಮೊದಲು ಇವರನ್ನೇ ಕೇಳೋಣ."